ಮೊಳೆ ಗನ್ನು ಬಂದು ಮೇಸ್ತ್ರಿಯ ಬಾಯಿ ಖಾಲಿಯಾದದ್ದು

ನಮ್ಮ ಎದುರು ಮನೆಯ ಬ್ಯಾಂಕಿನ ಹುಡುಗ ತಾನೇ ಚಪ್ಪಲಿ ಸ್ಟ್ಯಾಂಡ್ ಮಾಡಿಕೊಳ್ಳುತ್ತೇನೆಂದು ಮೊಳೆ ಗನ್ನು ತರಿಸಿಕೊಂಡ. ನಾಲ್ಕು ಜೊತೆ ಚಪ್ಪಲಿಗೆ ಇಷ್ಟು ದೊಡ್ಡ ಆಯುಧ ಯಾಕಪ್ಪ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಅವನು ಮರ್ಯಾದೆಯಿಂದ ಬಂದು, ಎಂಥ ಮೊಳೆ ಹಾಕಬೇಕು, ಹೇಗೆ ಹಿಡಿಯಬೇಕು ಎಂದು ಕೇಳಿದ್ದ. ಹೇಳಿಕೊಟ್ಟೆ. ಅವನು ಕೇಳದೆ ಬಿಟ್ಟದ್ದು ಒಂದಿತ್ತು. ಗನ್ನು ಕೈಗೆ ಬಂದ ಮೇಲೆ ಬಾಯಿಯನ್ನು ಏನು ಮಾಡಬೇಕು? ಈ ಕೆಲಸಕ್ಕೆ ಹೊಸದಾಗಿ ಇಳಿಯುವವರು ಅದನ್ನೂ ತಿಳಿದುಕೊಳ್ಳಲಿ ಎಂದು ಬರೆಯಲು ಕೂತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾರು ಹಾರ ಹಾಕಿದರು ಎಂಬ ಪುರಾಣ ಇಲ್ಲಿ ಸಿಗುವುದಿಲ್ಲ.

ಐವತ್ತರ ದಶಕದಲ್ಲಿ ನಾನು ಸೇರಿದ್ದು ರಾಜಾಜಿನಗರದ ಒಂದು ಪೆಟ್ಟಿಗೆ ಕಾರ್ಖಾನೆಗೆ. ಕಾರ್ಖಾನೆ ಎಂದರೆ ಒಂದು ತಗಡಿನ ಶೆಡ್ಡು, ಅಷ್ಟೇ. ಆಚೆಗೆ ಒಂದೊಂದೇ ಹೊಸ ಮನೆ ಏಳುತ್ತಿತ್ತು, ಈಚೆಗೆ ಇನ್ನೂ ರಾಗಿ ಹೊಲ. ಫ್ಯಾಕ್ಟರಿಗಳವರು ಯಂತ್ರಗಳನ್ನು ರೈಲಿಗೆ ಹಾಕಿ ಕಳಿಸಲು ಬೇಕಾದ ಮರದ ಪೆಟ್ಟಿಗೆಗಳನ್ನು ನಾವು ಮಾಡಿಕೊಡುತ್ತಿದ್ದೆವು. ಬೆಳಗಿನಿಂದ ಸಂಜೆಯವರೆಗೆ ಮೊಳೆ ಹೊಡೆಯುವುದೇ ಕೆಲಸ. ನಾವು ಹುಟ್ಟು ಆಚಾರಿಗಳು. ನಮ್ಮ ಅಜ್ಜಂದಿರು ಮೊಳೆ ಕಂಡರೆ ಮೂಗು ಮುರಿಯುತ್ತಿದ್ದರು. ಮರಕ್ಕೆ ಮರವೇ ಕಚ್ಚಿ ಕೂರಬೇಕು, ಕಬ್ಬಿಣ ಬಡಿಯುವವನು ಸೋಮಾರಿ ಎನ್ನುವುದು ಅವರ ಮಾತು. ಆದರೆ ಹೊಟ್ಟೆ ಅಜ್ಜಂದಿರ ಮಾತು ಕೇಳುವುದಿಲ್ಲವಲ್ಲ, ನಾವೂ ಬಡಿದೆವು.

ಮೊಳೆ ಹೊಡೆಯುವವನಿಗೆ ಎರಡು ಕೈ ಸಾಲದು. ಒಂದು ಕೈಯಲ್ಲಿ ಸುತ್ತಿಗೆ, ಇನ್ನೊಂದರಲ್ಲಿ ಹಲಗೆ. ಮೊಳೆಗೆ ಉಳಿಯುವ ಜಾಗ ಬಾಯಿ ಒಂದೇ. ತಲೆ ಒಳಗೆ, ಚೂಪು ಹೊರಗೆ ಬರುವಂತೆ ತುಟಿಯ ನಡುವೆ ಸಾಲಾಗಿ ಹಿಡಿದು ಒಂದೊಂದೇ ತೆಗೆದು ಹೊಡೆಯಬೇಕು. ಚೂಪು ಒಳಗಿಟ್ಟುಕೊಂಡವನು ಜನ್ಮದಲ್ಲಿ ಒಂದೇ ಸಲ ಸೀನುತ್ತಾನೆ. ಎಂಜಲು ಹತ್ತಿದ ಮೊಳೆ ಮರದೊಳಗೆ ಬೇಗ ತುಕ್ಕು ಹಿಡಿದು ಬಿಗಿಯಾಗಿ ಕೂರುತ್ತದೆ, ಅದೊಂದು ಲಾಭ. ಇನ್ನೊಂದು ಲಾಭ ಮಾಲೀಕರದು. ಆರು ಜನ ಆಚಾರಿಗಳು ಒಂದೇ ಸೂರಿನಡಿ ಇದ್ದೂ ಒಬ್ಬನಾದರೂ ಮಾತಾಡುತ್ತಿರಲಿಲ್ಲ.

ನಮಗೆಲ್ಲ ಹಿರಿಯರು ಈರಣ್ಣ ಮೇಸ್ತ್ರಿ. ಕೆಂಗೇರಿಯಿಂದ ಸೈಕಲ್ಲು ತುಳಿದುಕೊಂಡು ಬರುತ್ತಿದ್ದರು. ಬಂದವರೇ ಒಂದು ಹಿಡಿ ಮೊಳೆ ಬಾಯಿಗಿಟ್ಟರೆ ತೆಗೆಯುತ್ತಿದ್ದದ್ದು ಮಧ್ಯಾಹ್ನದ ಮುದ್ದೆಗೆ, ಮತ್ತೆ ಸಂಜೆ ಮನೆಗೆ ಹೊರಟಾಗ. ಉಳಿದಂತೆ ಎಲ್ಲದಕ್ಕೂ ತಲೆ ಆಡಿಸುವುದು, ಅದೂ ಮೇಲೆ ಕೆಳಗೋ ಅಡ್ಡಡ್ಡವೋ ಗೊತ್ತಾಗದ ಹಾಗೆ. ಜನಕ್ಕೆ ಇದು ಮಹಾ ಗಾಂಭೀರ್ಯವಾಗಿ ಕಂಡಿತು. ಬಾಯಿ ತುಂಬ ಮೊಳೆ ಇರುವ ಮನುಷ್ಯನ ಮುಂದೆ ಮನಸ್ಸು ಬಿಚ್ಚುವುದು ಬಹಳ ಸುಲಭ. ಅವನು ನಡುವೆ ಬಾಯಿ ಹಾಕುವುದಿಲ್ಲ, ಬುದ್ಧಿ ಹೇಳುವುದಿಲ್ಲ, ತನ್ನ ಕಷ್ಟ ಇನ್ನೂ ದೊಡ್ಡದು ಎಂದು ಶುರು ಮಾಡುವುದಿಲ್ಲ. ಹಾಗಾಗಿ ಶೆಡ್ಡಿನವರೆಲ್ಲ ಒಬ್ಬೊಬ್ಬರಾಗಿ ಹೋಗಿ ಅವರ ಪಕ್ಕದ ಹಲಗೆ ರಾಶಿಯ ಮೇಲೆ ಕೂತು ಮನೆಯ ಗುಟ್ಟೆಲ್ಲ ಸುರಿದು ಬರುತ್ತಿದ್ದೆವು. ಮಾಲೀಕರು ಕೂಡ ಲೆಕ್ಕ ನೋಡುವ ನೆಪದಲ್ಲಿ ಬಂದು ತಮ್ಮ ಅತ್ತೆಯ ಕಾಟ ಹೇಳಿಕೊಂಡು ಹೋಗುತ್ತಿದ್ದರು.

ಒಳಗೆ ಹೋದದ್ದು ಒಳಗೇ ಇರುತ್ತದೆ ಎಂದು ನಾವು ನಂಬಿದ್ದೆವು. ಆ ನಂಬಿಕೆಗೆ ಒಂದು ಸಲ ಪೆಟ್ಟು ಬಿದ್ದಿತ್ತು. ದೇವರ ಕೆಲಸಕ್ಕೆ ಎಂಜಲು ಮೊಳೆ ಆಗದು. ದೇವರ ಮಂಟಪ ಮಾಡುವಾಗ ಮೊಳೆಯನ್ನು ಹಿತ್ತಾಳೆ ತಟ್ಟೆಯಲ್ಲಿಟ್ಟುಕೊಂಡು ಮಡಿಯಿಂದ ಹೊಡೆಯಬೇಕು. ಹೊಸ ಮನೆಯೊಂದಕ್ಕೆ ಮಂಟಪ ಕೂರಿಸಲು ಮೇಸ್ತ್ರಿ ಹೋದರು. ಮೊಳೆ ತಟ್ಟೆಯಲ್ಲಿ, ಬಾಯಿ ಖಾಲಿ. ಮಧ್ಯಾಹ್ನದ ಹೊತ್ತಿಗೆ ಆ ಮನೆಯ ಯಜಮಾನಿಗೆ, ತೇಗ ಇರೋದು ಮುಂದಿನ ಕಂಬಕ್ಕೆ ಮಾತ್ರ ತಾಯಿ, ಹಿಂದಿನದೆಲ್ಲ ಮಾವಿನ ಹಲಗೆ ಎಂದು ವಿವರಿಸಿಬಿಟ್ಟಿದ್ದರು. ಕೆಟ್ಟ ಬುದ್ಧಿಯಿಂದಲ್ಲ, ಮಾತು ಬಂತು, ಆಡಿದರು. ಆಮೇಲೆ ನಮ್ಮ ಮಾಲೀಕರು ದೇವರ ಮಂಟಪದ ಕೆಲಸವನ್ನೇ ಒಪ್ಪಿಕೊಳ್ಳಲಿಲ್ಲ.

ಈಗ ನನ್ನ ಗುಟ್ಟಿನ ವಿಷಯ. ಅದೇ ಶೆಡ್ಡಿನಲ್ಲಿ ನನ್ನ ಸೋದರಮಾವ ರಂಗಾಚಾರಿಯೂ ಇದ್ದರು. ಅವ್ವನ ತಮ್ಮ. ಅಪ್ಪ ಇಲ್ಲದ ನನ್ನನ್ನು ಕೆಲಸಕ್ಕೆ ಸೇರಿಸಿದವರು ಅವರೇ. ಅವರ ಮಗಳು ಲಕ್ಷ್ಮಿಯನ್ನು ನನಗೆ ತಂದುಕೊಳ್ಳುವುದು ಎಂದು ಅವ್ವ ಎಂದೋ ನಿಶ್ಚಯ ಮಾಡಿದ್ದರು. ನಮ್ಮಲ್ಲಿ ಅದು ಕೇಳುವ ವಿಷಯವೇ ಅಲ್ಲ. ಆದರೆ ನನ್ನ ಮನಸ್ಸು ಬೇರೆ ಕಡೆ ಹೋಗಿತ್ತು. ಕೆಂಗೇರಿಯಲ್ಲಿ ಮೇಸ್ತ್ರಿಯ ಪಕ್ಕದ ಮನೆಯವರೊಬ್ಬರು, ಮಂಚದ ಕಾಲು ಕಡೆಯುವವರು, ಆಗಾಗ ಗಾಡಿಯಲ್ಲಿ ನಮ್ಮ ಶೆಡ್ಡಿಗೆ ಮರ ಕೊಯ್ಯಿಸಲು ಬರುತ್ತಿದ್ದರು. ಜೊತೆಗೆ ಮಗಳು ಗಿರಿಜ. ಒಂದು ದಿನ ನಾನು ಹೊಡೆದ ಪೆಟ್ಟಿಗೆಯನ್ನು ನೋಡಿ, 'ಮೊಳೆ ಎಲ್ಲ ಒಂದೊಂದು ಕಡೆ ತಿರುಗಿ ನೋಡ್ತಾ ಇದಾವಲ್ಲ' ಅಂದಳು. ಅವತ್ತಿನಿಂದ ನನ್ನ ಮೊಳೆಗಳು ನೆಟ್ಟಗಾದವು, ನಾನು ಡೊಂಕಾದೆ. ಆ ಹುಡುಗಿಗೂ ಗಂಡು ನೋಡುತ್ತಿದ್ದರು. ಇದನ್ನೆಲ್ಲ ಬಾಯಿಬಿಟ್ಟು ಹೇಳಿದ್ದು ಈರಣ್ಣ ಮೇಸ್ತ್ರಿಗೆ ಮಾತ್ರ. ಮಾವನಿಗೆ ಗೊತ್ತಾದರೆ ಕೈಯಲ್ಲಿದ್ದ ಸುತ್ತಿಗೆ ನನ್ನ ತಲೆಗೆ, ಅವ್ವನಿಗೆ ಗೊತ್ತಾದರೆ ಅವರ ತಲೆ ಗೋಡೆಗೆ.

ಇಂಥ ಹೊತ್ತಿನಲ್ಲಿ ಬಂತು ಮೊಳೆ ಗನ್ನು. ಮಾಲೀಕರು ಬೊಂಬಾಯಿಗೆ ಹೋಗಿದ್ದಾಗ ಯಾರೋ ವಿದೇಶಿ ಮಾಲು ಮಾರುವವನು ತೋರಿಸಿದ್ದನಂತೆ. ಅವನ ಹತ್ತಿರ ಎರಡು ಥರ ಇದ್ದವು, ದಪ್ಪ ಮೊಳೆಯದು ಒಂದು, ಗುಂಡುಸೂಜಿಗಿಂತ ಸ್ವಲ್ಪ ದಪ್ಪದ ಸಣ್ಣ ಮೊಳೆಯದು ಒಂದು. ನಮ್ಮವರು ದೊಡ್ಡದನ್ನೇ ಆರಿಸಿದರು. ಅಷ್ಟು ದೂರ ಹೋಗಿ ಚಿಕ್ಕದು ತಂದರೆ ಜನ ಏನಂದಾರು ಎನ್ನುವುದು ಅವರ ಲೆಕ್ಕ. ಜೊತೆಗೆ ಗಾಳಿ ತುಂಬುವ ಯಂತ್ರ, ಒಂದು ಗಾಳಿ ಟ್ಯಾಂಕು, ಉದ್ದನೆಯ ರಬ್ಬರ್ ಪೈಪು. ಬಾಚಣಿಗೆಯ ಹಲ್ಲಿನ ಹಾಗೆ ಸಾಲಾಗಿ ಅಂಟಿಸಿದ ಮೊಳೆಗಳು. ಮೂತಿಯನ್ನು ಮರಕ್ಕೆ ಒತ್ತಿ ಟ್ರಿಗ್ಗರ್ ಎಳೆದರೆ ಟಪ್ ಎಂದು ಮೊಳೆ ಮರದೊಳಗೆ. ಅರಿಶಿನ ಕುಂಕುಮ ಹಚ್ಚಿ, ನಿಂಬೆಹಣ್ಣು ಕೊಯ್ದು, ಮಾಲೀಕರೇ ಮೊದಲ ಮೊಳೆ ಹೊಡೆದರು. ಹಲಗೆ ಉದ್ದಕ್ಕೆ ಸೀಳಿ ಎರಡಾಯಿತು.

ಆ ಒಂದು ತಿಂಗಳಲ್ಲಿ ಕಲಿತದ್ದನ್ನೇ ನಾನು ಬ್ಯಾಂಕಿನ ಹುಡುಗನಿಗೆ ಹೇಳಿದ್ದು. ಗನ್ನು ಆರಿಸುವಾಗ ಜಂಬ ನೋಡಬಾರದು, ಹಲಗೆ ನೋಡಬೇಕು. ದಪ್ಪ ತೊಲೆ, ಹೆಂಚು ಹೊದಿಸುವ ರೀಪರಿಗೆ ದೊಡ್ಡದು. ಮನೆಯ ಕಪಾಟು, ಪಟ್ಟಿ, ಚಪ್ಪಲಿ ಸ್ಟ್ಯಾಂಡಿಗೆ ಸಣ್ಣದೇ ಸಾಕು. ಮೇಲಿನ ಹಲಗೆಯ ದಪ್ಪಕ್ಕೆ ಎರಡೂವರೆ ಮೂರು ಪಟ್ಟು ಉದ್ದದ ಮೊಳೆ ಬೇಕು, ಆದರೆ ಆಚೆ ಕಡೆ ಮೂತಿ ತೋರಿಸಬಾರದು. ಸುತ್ತಿಗೆಯ ಕಾಲದಲ್ಲಿ ಹಲಗೆಯ ತುದಿಗೆ ಹೊಡೆಯುವ ಮೊಳೆಯ ಚೂಪನ್ನು ಒಂದು ಏಟು ಕೊಟ್ಟು ಮೊಂಡು ಮಾಡಿಕೊಳ್ಳುತ್ತಿದ್ದೆವು, ಮರ ಸೀಳುತ್ತಿರಲಿಲ್ಲ. ಗನ್ನಿನ ಮೊಳೆಗೆ ಅದು ಆಗುವುದಿಲ್ಲ, ಆದ್ದರಿಂದ ತುದಿಯಿಂದ ಎರಡು ಬೆರಳು ಒಳಗೆ ಹೊಡೆಯಬೇಕು. ಹಲಗೆ ಹಿಡಿದ ಕೈ ಗನ್ನಿನ ಮೂತಿಯಿಂದ ಒಂದು ಗೇಣಾದರೂ ದೂರ ಇರಲಿ, ಒಳಗೆ ಗಂಟು ಸಿಕ್ಕರೆ ಮೊಳೆ ಬಾಗಿ ಪಕ್ಕದಿಂದ ಹೊರಗೆ ಬರುತ್ತದೆ. ಕಣ್ಣಿಗೆ ಕನ್ನಡಕ ಹಾಕಿ. ಕೆಲಸ ಇಲ್ಲದಾಗ ಮೊದಲು ಗಾಳಿಯ ಪೈಪು ಕೀಳಿ. ಗಾಳಿಯಲ್ಲಿ ಎತ್ತಿ ಹಿಡಿದು ಟ್ರಿಗ್ಗರ್ ಎಳೆಯುವ ಆಟ ಮಾತ್ರ ಬೇಡ. ರಂಗಾಚಾರಿ ಮಾವ ಅದನ್ನು ಮಾಡಿದರು. ಮೊಳೆ ಶೆಡ್ಡು ದಾಟಿ ಹೋಗಿ ಮಾಲೀಕರ ಊಟದ ಡಬ್ಬಿಯ ಮುಚ್ಚಳ ತೂರಿ ಮುದ್ದೆಯಲ್ಲಿ ಕೂತಿತು. ಮಾಲೀಕರು ಮರುವಾರ ಸಣ್ಣ ಗನ್ನನ್ನೂ ತರಿಸಿದರು.

ಈ ಗದ್ದಲದಲ್ಲಿ ನಿಜವಾದ ಅಪಾಯವನ್ನು ನಾವು ಯಾರೂ ನೋಡಿರಲಿಲ್ಲ. ಮೊಳೆ ಗನ್ನಿನ ಹೊಟ್ಟೆಗೆ ಹೋಯಿತು. ಈರಣ್ಣ ಮೇಸ್ತ್ರಿಯ ಬಾಯಿ ಖಾಲಿಯಾಯಿತು.

ಮೊದಲನೆಯ ದಿನ ಮಳೆ ಬೆಳೆಯ ಮಾತಾಡಿದರು. ಎರಡನೆಯ ದಿನ ಸೈಕಲ್ಲಿನ ಟೈರು, ಮೈಸೂರು ರಸ್ತೆಯ ಹಳ್ಳ. ದನಿ ಇಷ್ಟು ಇಂಪಾಗಿದೆ ಎಂದು ನಮಗೆ ಗೊತ್ತೇ ಇರಲಿಲ್ಲ. ಮೂರನೆಯ ದಿನ ಪೆಟ್ಟಿಗೆಯ ತಳಕ್ಕೆ ಟಪ್ ಟಪ್ ಎಂದು ಹೊಡೆಯುತ್ತಲೇ, 'ನಮ್ಮ ಯಜಮಾನ್ರ ಅತ್ತೆ ಇದಾರಲ್ಲ' ಎಂದು ಶುರು ಮಾಡಿದರು. ಬಾಗಿಲಲ್ಲಿ ನಿಂತಿದ್ದ ಮಾಲೀಕರು ಎಲ್ಲರಿಗೂ ಕಾಫಿ ತರಿಸಿದರು. ಅವರ ಜನ್ಮದಲ್ಲಿ ನಮಗೆ ಕಾಫಿ ತರಿಸಿದ್ದು ಅದೇ ಮೊದಲು. ಮೇಸ್ತ್ರಿ ಕುಡಿಯುವಷ್ಟು ಹೊತ್ತು ಸುಮ್ಮನಿದ್ದರು.

ಆಗ ನನಗೆ ದಾರಿ ಹೊಳೆಯಿತು. ಬಾಯಿ ತುಂಬಿರಬೇಕು, ಅಷ್ಟೇ ತಾನೇ? ಮಾರನೆಯ ದಿನದಿಂದ ಎಲೆ ಅಡಿಕೆ ಮಡಿಸಿ ಮಡಿಸಿ ಕೊಡತೊಡಗಿದೆ. ವಿಚಿತ್ರವೆಂದರೆ ರಂಗಾಚಾರಿ ಮಾವನೂ ಕೊಡುತ್ತಿದ್ದರು. ನಾನು ಕೋಡುಬಳೆ ತಂದರೆ ಅವರು ಚಕ್ಕುಲಿ. ನಾನು ಕಡಲೆಕಾಯಿ ತಂದರೆ ಅವರು ಜೇಬಿನಿಂದ ತಂಬಿಟ್ಟಿನ ಉಂಡೆ ತೆಗೆಯುತ್ತಿದ್ದರು, ಅದು ಅಂಗುಳಕ್ಕೆ ಅಂಟಿದರೆ ಅರ್ಧ ಗಂಟೆ ಮಾತಿಲ್ಲ. ಮಾವನಿಗೆ ಈ ಮುದುಕನ ಮೇಲೆ ಇದ್ದಕ್ಕಿದ್ದ ಹಾಗೆ ಇಷ್ಟು ಪ್ರೀತಿ ಯಾಕೆ ಎಂದು ಯೋಚಿಸಿದೆ, ಬಗೆಹರಿಯಲಿಲ್ಲ. ಮೇಸ್ತ್ರಿ ಮಾತ್ರ ಇಬ್ಬರ ಕೈಯಿಂದಲೂ ಇಸಿದುಕೊಂಡು, ಇಬ್ಬರ ಮುಖವನ್ನೂ ನೋಡುತ್ತ ಸಾವಕಾಶವಾಗಿ ತಿನ್ನುತ್ತಿದ್ದರು.

ಅಷ್ಟರಲ್ಲಿ ಅವ್ವ ಮದುವೆಗೆ ದಿನ ನೋಡಿಸಿದರು. ಮಾಗಡಿ ರಸ್ತೆಯ ಪಕ್ಕದಲ್ಲಿದ್ದ ನಮ್ಮ ಎರಡು ಅಂಕಣದ ಮನೆಯಲ್ಲಿ ಪಾತ್ರೆ ಪರಡಿ ಇಡಲು ಜಾಗ ಇಲ್ಲ, ಒಂದು ಅಟ್ಟ ಹಾಕಿಕೊಡಿ ಎಂದು ಹಟ ಹಿಡಿದರು. ಅತ್ತ ಕೆಂಗೇರಿಯಲ್ಲಿ ಗಿರಿಜಳನ್ನು ನೋಡಲು ರಾಮನಗರದ ಕಡೆಯವರು ಬರುತ್ತಾರೆಂದು ಸುದ್ದಿ. ಊಟ ಸೇರದು, ನಿದ್ದೆ ಬಾರದು. ಹೇಳೋಣವೆಂದರೆ ಅವ್ವನ ಮುಖ ಕಂಡ ಕೂಡಲೇ ನನ್ನ ಬಾಯಲ್ಲೂ ಮೊಳೆ ಇಟ್ಟ ಹಾಗಾಗುತ್ತಿತ್ತು. ಭಾನುವಾರ ಸಣ್ಣ ಗನ್ನನ್ನೂ ತುಂಬಿಸಿದ ಗಾಳಿ ಟ್ಯಾಂಕನ್ನೂ ತಳ್ಳುಗಾಡಿಯಲ್ಲಿ ಹಾಕಿಕೊಂಡು ಮೇಸ್ತ್ರಿ, ಮಾವ, ನಾನು ಹೊರಟೆವು. ನಮ್ಮ ಮನೆಗೆ ಇನ್ನೂ ಕರೆಂಟು ಬಂದಿರಲಿಲ್ಲ, ಹಾಗಾಗಿ ಗಾಳಿಯನ್ನು ಶೆಡ್ಡಿನಿಂದಲೇ ತುಂಬಿಕೊಂಡು ಹೋಗಬೇಕಾಗಿತ್ತು. ಅಟ್ಟಕ್ಕೆ ತೊಲೆ ಕೂರಿಸಿ ಆಗಿತ್ತು, ಮೇಲೆ ತೆಳು ಹಲಗೆ ಹೊದಿಸುವುದು ಮಾತ್ರ ಬಾಕಿ. ಎರಡು ಅಟ್ಟಕ್ಕೆ ಸಾಲುವಷ್ಟು ಗಾಳಿ ಇದೆ ಎಂದು ಮೇಸ್ತ್ರಿಯೇ ಅಂದಿದ್ದರು.

ಅವ್ವ ಬಾಗಿಲಲ್ಲೇ ಬಂದು, ಬನ್ನಿ ಅಣ್ಣ ಎಂದು ಮೇಸ್ತ್ರಿಯನ್ನು ಬರಮಾಡಿಕೊಂಡರು. ಮೇಸ್ತ್ರಿ ಏಣಿ ಹತ್ತಿ ನಾಲ್ಕು ಮೊಳೆ ಹೊಡೆದವರೇ, 'ಏನಮ್ಮ, ಮದುವೆ ಮನೆ ಅಂತೀರ, ಒಬ್ಬರ ಮುಖದಲ್ಲೂ ನಗು ಇಲ್ಲವಲ್ಲ' ಅಂದರು. ನಾನು ಓಡಿಹೋಗಿ ಎಲೆ ಅಡಿಕೆ ತಟ್ಟೆ ತಂದೆ. ಮಾವ ಅದಕ್ಕೂ ಮೊದಲೇ ಬಾಳೆಹಣ್ಣು ಸುಲಿದು ಏಣಿಯ ಮೇಲಕ್ಕೆ ಚಾಚಿದ್ದರು. ಒಂದು ಮುಗಿಯುವಷ್ಟರಲ್ಲಿ ಇನ್ನೊಂದು. ಅವ್ವ ನಮ್ಮಿಬ್ಬರನ್ನೂ ನೋಡಿ, ಮನುಷ್ಯ ಕೆಲಸ ಮಾಡಬೇಕೋ ತಿನ್ನಬೇಕೋ ಎಂದು ಬೈದು, ನನ್ನನ್ನು ಬಾವಿಗೂ ಮಾವನನ್ನು ಹಲಗೆ ಕೊಯ್ಯಲು ಹಿತ್ತಿಲಿಗೂ ಅಟ್ಟಿದರು. ಜೀವ ಕೈಯಲ್ಲಿ ಹಿಡಿದುಕೊಂಡು ಹೋದೆ. ಕೊಡ ತುಂಬಿಸಿ ಹಿತ್ತಿಲಿಗೆ ಬರುವ ಹೊತ್ತಿಗೆ ಒಳಗಿನಿಂದ ಬುಸ್ ಎಂದು ಉದ್ದಕ್ಕೆ ಒಂದು ಸದ್ದು. ಗಾಳಿ ಮುಗೀತು, ಸುತ್ತಿಗೆ ಕೊಡಮ್ಮ ಎಂದರು ಮೇಸ್ತ್ರಿ. ಆಮೇಲೆ ಮಾತಿಲ್ಲ, ಬರೀ ಸುತ್ತಿಗೆಯ ಸದ್ದು. ಬಾಯಿಗೆ ಮೊಳೆ ಬಿತ್ತು ಎಂದು ನಾನು ಉಸಿರು ಬಿಟ್ಟೆ. ಪಕ್ಕದಲ್ಲಿ ಗರಗಸ ಹಿಡಿದ ಮಾವನೂ ನನ್ನಷ್ಟೇ ಜೋರಾಗಿ ಉಸಿರು ಬಿಟ್ಟರು. ಇಬ್ಬರೂ ಮುಖ ಮುಖ ನೋಡಿಕೊಂಡೆವು.

ಅಷ್ಟರಲ್ಲಿ ಒಳಗೆ ಅವ್ವನ ದನಿ ಕೇಳಿಸಿತು. ನಮ್ಮ ಹಿತ್ತಿಲ ಗೋಡೆಯ ಮೇಲ್ಭಾಗ ಬರೀ ತಡಿಕೆ, ಒಳಗೆ ಪಿಸುಗುಟ್ಟಿದರೂ ಹೊರಗೆ ಕೇಳುತ್ತದೆ. ಬಾಯಲ್ಲಿ ಮೊಳೆ ಇರುವ ಮನುಷ್ಯ ಎದುರಿಗಿದ್ದರೆ ಅವ್ವನೂ ಅಷ್ಟೇ, ನಾವೂ ಅಷ್ಟೇ.

'ಅಣ್ಣ, ನಿಮ್ಮತ್ರ ಹೇಳ್ತೀನಿ, ಯಾರಿಗೂ ಹೇಳ್ಬೇಡಿ. ಈ ಮದುವೆ ಯಾಕಾದ್ರೂ ನಿಶ್ಚಯ ಮಾಡಿದ್ನೋ ಅನ್ನಿಸ್ತಾ ಇದೆ. ಲಕ್ಷ್ಮಿ ಬಂದಾಗಲೆಲ್ಲ ಕಣ್ಣು ಊದಿರುತ್ತೆ. ನನ್ನ ಮಗ ಅವಳ ಕಡೆ ತಿರುಗೂ ನೋಡಲ್ಲ. ಬೇಡ ಅಂದ್ರೆ ನನ್ನ ತಮ್ಮ ನೊಂದ್ಕೋತಾನೆ. ನನ್ನ ಮಗನಿಗೆ ಅನ್ನಕ್ಕೆ ದಾರಿ ಮಾಡಿಕೊಟ್ಟೋನು ಅವನು. ಯಾವ ಮುಖ ಇಟ್ಕೊಂಡು ಹೇಳಲಿ?'

ಸುತ್ತಿಗೆ ನಿಂತಿತು. ಏಣಿಯಿಂದ ಇಳಿದ ಸದ್ದು. ಆಮೇಲೆ ಅಂಗೈಗೆ ಮೊಳೆಗಳು ಒಂದೊಂದಾಗಿ ಬಿದ್ದ ಸದ್ದು.

'ರಂಗಾಚಾರಿ, ನಾಗ, ಇಬ್ರೂ ಒಳಗೆ ಬನ್ನಿ' ಎಂದು ಮೇಸ್ತ್ರಿ ಕರೆದರು. ಹೋಗಿ ನಿಂತೆವು. ಅವರು ಸಿಟ್ಟಿನಲ್ಲೇ ಇದ್ದರು.

'ಅಲ್ಲಮ್ಮ, ಒಂದು ವರ್ಷದಿಂದ ಕೇಳ್ತಾ ಇದೀನಿ. ನಿಮ್ಮ ತಮ್ಮ ಬಂದು ಅಳ್ತಾನೆ, ಮಗಳು ಓದಿ ಟೀಚರ್ ಆಗ್ತೀನಿ ಅಂತಾಳೆ, ಅಕ್ಕನಿಗೆ ಹೆಂಗೆ ಹೇಳಲಿ ಅಂತ. ನಿಮ್ಮ ಮಗ ಬಂದು ಅಳ್ತಾನೆ, ನಮ್ಮ ಪಕ್ಕದ ಮನೆ ಗಿರಿಜನ್ನ ಬಿಟ್ಟು ಯಾರೂ ಬೇಡ, ಮಾವನಿಗೆ ಹೆಂಗೆ ಹೇಳಲಿ ಅಂತ. ಈಗ ನೀವು. ಯಾರಿಗೂ ಬೇಡದ ಮದುವೆಗೆ ಅಟ್ಟ ಯಾಕ್ರೀ ಹಾಕಿಸ್ತಾ ಇದೀರ?'

ಮಾವನ ಕೈಯಲ್ಲಿ ಗರಗಸ ಹಾಗೇ ಇತ್ತು. ನಾನು ಅವರನ್ನು ನೋಡಿದೆ, ಅವರು ನನ್ನನ್ನು ನೋಡಿದರು. ಇಷ್ಟು ದಿನ ಕೋಡುಬಳೆಗೆ ಚಕ್ಕುಲಿ ಎದುರು ನಿಂತದ್ದು ಯಾಕೆ ಎಂದು ಇಬ್ಬರಿಗೂ ಒಟ್ಟಿಗೇ ತಿಳಿಯಿತು. ಮಾವ ನಗತೊಡಗಿದರು. ನಗುತ್ತ ನಗುತ್ತ ಕಣ್ಣೊರೆಸಿಕೊಂಡರು. ನನಗೂ ಅಳುವೇ ಬಂತು, ಅಷ್ಟು ಹಗುರವಾಗಿತ್ತು ಎದೆ. ಅವ್ವ ಮಾತ್ರ ಸೆರಗಿನಿಂದ ಮೂಗು ಸೀಟಿ, ಅಟ್ಟವನ್ನೊಮ್ಮೆ ತಲೆಯೆತ್ತಿ ನೋಡಿದರು.

'ಅಟ್ಟ ಮುಗಿಸಿ ಅಣ್ಣ' ಅಂದರು. 'ಸೊಸೆ ಯಾರಾದ್ರೇನು, ಪಾತ್ರೆ ಇಡೋಕೆ ಜಾಗ ಬೇಕಲ್ಲ.'

ರಾಮನಗರದವರು ಬರುವ ಮೊದಲು ಅವ್ವ ಮತ್ತು ಮಾವ ಇಬ್ಬರೂ ಕೆಂಗೇರಿಗೆ ಹೋಗಿ ಮಾತಾಡಿ ಬಂದರು. ಲಕ್ಷ್ಮಿ ಓದಿ ಟೀಚರ್ ಆದಳು, ನನ್ನ ಮಕ್ಕಳಿಬ್ಬರಿಗೂ ಮಗ್ಗಿ ಹೇಳಿಸಿದವಳು ಅವಳೇ. ಮದುವೆಯಾದ ಮೇಲೆ ಗಿರಿಜ ಮೊದಲು ಮಾಡಿದ ಕೆಲಸ ಆ ಅಟ್ಟವನ್ನು ಪರೀಕ್ಷೆ ಮಾಡಿದ್ದು. ಒಂದು ಕಡೆಯ ಮೊಳೆ ನೆಟ್ಟಗಿದೆ, ಇನ್ನೊಂದು ಕಡೆಯದು ಸಿಟ್ಟಿನಿಂದ ಹೊಡೆದ ಹಾಗಿದೆ ಎಂದಳು. ನಿಜವೇ, ಆ ಕಡೆಯದನ್ನು ಮೇಸ್ತ್ರಿ ಮಾತಾದ ಮೇಲೆ ಹೊಡೆದದ್ದು.

ಮೇಸ್ತ್ರಿಗೆ ಆದದ್ದು ಮಾತ್ರ ಅನ್ಯಾಯ. ಈ ಸುದ್ದಿ ಶೆಡ್ಡಿಗೆಲ್ಲ ಹಬ್ಬಿದ ಮೇಲೆ ಅವರ ಪಕ್ಕದ ಹಲಗೆ ರಾಶಿಯ ಮೇಲೆ ಯಾರೂ ಕೂರಲಿಲ್ಲ. ಗನ್ನು ಹಿಡಿದು ಒಬ್ಬರೇ ಟಪ್ ಟಪ್ ಎನ್ನಿಸುತ್ತಿದ್ದರು. ಕೆಲವು ದಿನ ತಾವೇ ಮಾತಾಡಿದರು, ಆಮೇಲೆ ಅದೂ ನಿಂತಿತು. ಊಟದ ಹೊತ್ತಿನಲ್ಲೂ ತಲೆ ಬಗ್ಗಿಸಿ ಒಬ್ಬರೇ ಕೂರುತ್ತಿದ್ದರು. ಒಂದು ಬೆಳಿಗ್ಗೆ ಬಂದು ನೋಡುತ್ತೇನೆ, ಕೈಯಲ್ಲಿ ಗನ್ನು, ತುಟಿಯಲ್ಲಿ ಸಾಲಾಗಿ ಮೊಳೆ. ಗನ್ನಿಗೆ ಆ ಮೊಳೆ ಹಾಕಲು ಬರುವುದಿಲ್ಲ, ಅವಕ್ಕೂ ಪೆಟ್ಟಿಗೆಗೂ ಸಂಬಂಧವೇ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಮಾಲೀಕರು ಲೆಕ್ಕ ನೋಡುವ ನೆಪದಲ್ಲಿ ಬಂದು ಹಲಗೆ ರಾಶಿಯ ಮೇಲೆ ಕೂತು, ಅತ್ತೆ ಮತ್ತೆ ಬಂದಿದ್ದಾರೆ ಎಂದು ಶುರು ಮಾಡಿದರು.

ನನಗೆ ಒಂದು ಅನುಮಾನ ಉಳಿದಿತ್ತು. ಗನ್ನಿನ ಕೆಲಸ ಕೈಗೆ ಹತ್ತಿದಂತೆಲ್ಲ ಅದು ಬಲಿಯಿತು. ಟ್ಯಾಂಕಿನ ಗಾಳಿ ಮುಗಿಯುವಾಗ ಬುಸ್ ಎನ್ನುವುದಿಲ್ಲ. ಮೊಳೆ ಅರ್ಧಕ್ಕೇ ನಿಲ್ಲುತ್ತದೆ, ಗನ್ನು ಸುಮ್ಮನೆ ಕೆಮ್ಮುತ್ತದೆ. ಅಷ್ಟು ಉದ್ದದ ಸದ್ದು ಬರಬೇಕಾದರೆ ಯಾರಾದರೂ ಟ್ಯಾಂಕಿನ ತಿರುಪು ಬಿಚ್ಚಿರಬೇಕು. ಮಾವನ ಮನಸ್ಸು ಮೇಸ್ತ್ರಿಗೆ ಗೊತ್ತಿತ್ತು, ನನ್ನದೂ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ಅವ್ವನದು ಒಂದೇ.

ಅವರು ಕೆಲಸದಿಂದ ನಿವೃತ್ತರಾದ ದಿನ ಹಾರ, ಹಣ್ಣು ಎಲ್ಲ ಮುಗಿದ ಮೇಲೆ ಸೈಕಲ್ಲಿನ ಹತ್ತಿರ ಹಿಡಿದು ನಿಲ್ಲಿಸಿ ಕೇಳಿಯೇ ಬಿಟ್ಟೆ.

'ಮೇಸ್ತ್ರೀ, ಅವತ್ತು ನಮ್ಮನೇಲಿ ಗಾಳಿ ನಿಜವಾಗ್ಲೂ ಮುಗಿದಿತ್ತಾ, ಇಲ್ಲ ನೀವೇ ಬಿಟ್ರಾ?'

ಅವರು ಅಂಗಿಯ ಜೇಬಿಗೆ ಕೈ ಹಾಕಿ ನಾಲ್ಕು ಮೊಳೆ ತೆಗೆದು, ತಲೆ ಒಳಗೆ ಚೂಪು ಹೊರಗೆ ಬರುವಂತೆ ಒಂದೊಂದಾಗಿ ತುಟಿಯ ನಡುವೆ ಇಟ್ಟುಕೊಂಡು, ಸೈಕಲ್ಲು ಹತ್ತಿ ಕೆಂಗೇರಿಯ ಕಡೆ ಹೊರಟುಹೋದರು.